ಗುಂಡಿ ತೋಡುವ ಮೊದಲು ಉಸಿರು ಅಳೆಯಿರಿ: ಪೀಣ್ಯದ ಸುತ್ತಲಿನ ಹಸಿರಿನ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಬೆಂಗಳೂರು

ಮಾನ್ಯರೇ,

ಪ್ರತಿ ಮುಂಗಾರಿಗೂ ನಗರದಲ್ಲಿ ಸಸಿಗಳ ಲೆಕ್ಕ ಹೊರಬೀಳುತ್ತದೆ. ಗುಂಡಿ ಎಷ್ಟು, ಸಸಿ ಎಷ್ಟು, ಟ್ರೀ ಗಾರ್ಡ್ ಎಷ್ಟು ಎಂದು ಅದರಲ್ಲಿ ಇರುತ್ತದೆ. ಆ ಬೀದಿಯ ಮಗು ಕೆಮ್ಮಿಲ್ಲದೆ ರಾತ್ರಿಯಿಡೀ ಮಲಗಿತೇ ಎಂಬುದು ಮಾತ್ರ ಇರುವುದಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತಲಿನ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ಚೊಕ್ಕಸಂದ್ರಗಳಲ್ಲಿ ಇನ್ನು ಮುಂದೆ ಹಸಿರಿಗೆ ಹಣ ಹಾಕುವುದಾದರೆ ಎರಡನೆಯ ಲೆಕ್ಕವನ್ನೂ ಇಡಬೇಕು ಎಂದು ಕೇಳಲು ಈ ಪತ್ರ.

ಈ ಭಾಗವೇ ಏಕೆ? ಒಂದು ಕಡೆ ತುಮಕೂರು ರಸ್ತೆಯ ಲಾರಿಗಳು, ಇನ್ನೊಂದು ಕಡೆ ಹೊರವರ್ತುಲ ರಸ್ತೆ, ನಡುವೆ ಪ್ಲೇಟಿಂಗ್, ಫೌಂಡ್ರಿ, ಗಾರ್ಮೆಂಟ್ಸ್. 20×30ರ ನಿವೇಶನದಲ್ಲಿ ಮೂರು ಅಂತಸ್ತು, ಮೇಲೊಂದು ಶೀಟಿನ ಮನೆ. ಲಾಲ್‌ಬಾಗ್‌ನ 240 ಎಕರೆ ನೆರಳು ಇಲ್ಲಿಯವರೆಗೆ ಚಾಚುವುದಿಲ್ಲ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನ 12 ಶಾಲೆಗಳ ಮಕ್ಕಳಲ್ಲಿ ಆಸ್ತಮಾ ಲೆಕ್ಕ ಹಾಕಿದಾಗ, ವಾಹನ ಸಂಚಾರ ಕಡಿಮೆ ಇದ್ದ ಕಡೆ ಅದು ಶೇ 11.15 ಇತ್ತು, ಸಂಚಾರ ದಟ್ಟವಾಗಿದ್ದ ಕಡೆ ಶೇ 19.34. ಸಂಚಾರವೂ ದಟ್ಟ, ಮನೆಯವರೂ ಬಡವರು ಎಂಬಲ್ಲಿ ಶೇ 31.14. ಅದು ಎರಡು ದಶಕ ಹಿಂದಿನ ಮಾತು. ಹೊಗೆ ಒಂದೇ ಆದರೂ ಬಡವರ ಎದೆಯಲ್ಲಿ ಅದು ಹೆಚ್ಚು ಕೂರುತ್ತದೆ ಎಂಬುದನ್ನು ನಮ್ಮ ಊರೇ ಅಂದು ತೋರಿಸಿಕೊಟ್ಟಿದೆ.

ಮರ ನೆಟ್ಟರೆ ಆರೋಗ್ಯ ಸುಧಾರಿಸುತ್ತದೆ ಎಂದು ಭಾಷಣದಲ್ಲಿ ಹೇಳುವುದು ಸುಲಭ, ಅಳೆದು ತೋರಿಸಿದವರು ಕಡಿಮೆ. ಅಮೆರಿಕದ ಲೂಯಿವಿಲ್ ನಗರದಲ್ಲಿ 2018ರಲ್ಲಿ ಶುರುವಾದ ‘ಗ್ರೀನ್ ಹಾರ್ಟ್’ ಯೋಜನೆ ಅಂಥದ್ದೊಂದು. ಹೆದ್ದಾರಿ ಹಾದುಹೋಗುವ, ಕಡಿಮೆ ವರಮಾನದ ಬಡಾವಣೆಗಳ ನಿವಾಸಿಗಳ ರಕ್ತ, ಕೂದಲು, ಉಗುರು, ಮೂತ್ರದ ಮಾದರಿಗಳನ್ನು ಮೊದಲು ತೆಗೆದುಕೊಂಡು, ಆಮೇಲೆ 8,000ಕ್ಕೂ ಹೆಚ್ಚು ದೊಡ್ಡ ಮರ ಮತ್ತು ಪೊದೆಗಳನ್ನು ನೆಟ್ಟರು. ದೇಹದೊಳಗಿನ ಉರಿಯೂತವನ್ನು ತೋರಿಸುವ ಎಚ್‌ಎಸ್-ಸಿಆರ್‌ಪಿ ಎಂಬ ಅಂಶ, ಮರ ನೆಟ್ಟ ಕಡೆ ಶೇ 13ರಿಂದ 20ರಷ್ಟು ಕಡಿಮೆ ಇದ್ದುದನ್ನು 2024ರಲ್ಲಿ ಪ್ರಕಟಿಸಿದರು. ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು: ಕಸ ತೆಗೆದು ಹುಲ್ಲು, ಒಂದಿಷ್ಟು ಮರ, ಗಿಡ್ಡ ಬೇಲಿ ಹಾಕಿದವು, ಬರೀ ಕಸ ತೆಗೆದವು, ಏನೂ ಮಾಡದವು. ಹಸಿರಾದ ನಿವೇಶನಗಳ ನೆರೆಹೊರೆಯಲ್ಲಿ ‘ಮನಸ್ಸು ಕುಗ್ಗಿದೆ’ ಎನ್ನುವವರು ಶೇ 41.5ರಷ್ಟು ಕಡಿಮೆಯಾದರು. ಬರೀ ಕಸ ತೆಗೆದ ಕಡೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮ ಬ್ಲ್ಯಾಕ್‌ಸ್ಪಾಟ್‌ಗಳಲ್ಲಿ ಕಸ ಎತ್ತಿ, ರಂಗೋಲಿ ಹಾಕಿ, ಫೋಟೊ ತೆಗೆದು ಹೋಗುವವರು ಈ ಕೊನೆಯ ಸಾಲನ್ನು ಎರಡು ಸಲ ಓದಬೇಕು.

ಎರಡೂ ಊರಿನವರು ಮೊದಲು ಅಳೆದರು, ಆಮೇಲೆ ನೆಟ್ಟರು. ನಮ್ಮಲ್ಲಿ ಆಗುವುದು ತಿರುಗುಮುರುಗು. ಸಸಿ ನೆಟ್ಟು ಮೂರು ವರ್ಷವಾದ ಮೇಲೆ ‘ಪರಿಣಾಮ ಅಧ್ಯಯನ’ಕ್ಕೆ ಟೆಂಡರ್ ಕರೆಯುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಪಾಲಿಕೆಗೆ ಒಂದು ಅನುಕೂಲವಿದೆ. ಎಲ್ಲ ಬೀದಿಗಳಲ್ಲೂ ಒಂದೇ ವರ್ಷ ನೆಡಲು ಹಣವೂ ಇರುವುದಿಲ್ಲ, ನೀರಿನ ಟ್ಯಾಂಕರೂ ಇರುವುದಿಲ್ಲ. ಹೇಗಿದ್ದರೂ ಮೂರು ನಾಲ್ಕು ಕಂತಿನಲ್ಲೇ ಕೆಲಸ ನಡೆಯುವುದು. ಯಾವ ಬೀದಿ ಯಾವ ಕಂತಿಗೆ ಎಂಬುದನ್ನು ಜನರ ಎದುರು ಚೀಟಿ ಎತ್ತಿ ತೀರ್ಮಾನಿಸಿದರೆ, ಸರದಿ ಕಾಯುವ ಬೀದಿಗಳೇ ಹೋಲಿಕೆಯ ಬೀದಿಗಳಾಗುತ್ತವೆ. ಯಾರಿಗೂ ಮರ ತಪ್ಪಿದಂತಾಗುವುದಿಲ್ಲ, ಪ್ರಭಾವಿಗಳ ಮನೆಮುಂದೆ ಮೊದಲು ನೆಟ್ಟರು ಎಂಬ ಮಾತೂ ಬರುವುದಿಲ್ಲ.

ಎಷ್ಟು ಜನ ಬೇಕು? ಇಲ್ಲೇ ಹೆಚ್ಚಿನ ಅಧ್ಯಯನಗಳು ಕೈಸುಟ್ಟುಕೊಳ್ಳುವುದು. ಮಕ್ಕಳಲ್ಲಿ ಎದೆ ಸುಯ್‌ಗುಡುವುದು ಶೇ 20ರಿಂದ 15ಕ್ಕೆ ಇಳಿದರೆ ಅದನ್ನು ನಂಬಿಕೆಯಿಂದ ಗುರುತಿಸಲು ಪ್ರತಿ ಗುಂಪಿನಲ್ಲಿ ಸುಮಾರು 900 ಮಕ್ಕಳು ಬೇಕು. ಆದರೆ ಒಂದೇ ಬೀದಿಯ ಮಕ್ಕಳು ಒಂದೇ ಗಾಳಿ ಕುಡಿಯುತ್ತಾರೆ. 50 ಮಕ್ಕಳನ್ನು ಒಂದೇ ಕಡೆಯಿಂದ ಆರಿಸಿದರೆ 50 ಬೇರೆ ಬೇರೆ ಸಾಕ್ಷಿಗಳು ಸಿಕ್ಕಂತಲ್ಲ. ಒಂದೇ ಬೀದಿಯ ಮಕ್ಕಳ ಈ ಸಾಮ್ಯವನ್ನು ಮಿತವಾಗಿ ಹಿಡಿದರೂ ಸಂಖ್ಯೆ ದುಪ್ಪಟ್ಟು, ಅಂದರೆ 1,800 ಆಗುತ್ತದೆ. ಮೇಲಾಗಿ ಇದು 11 ತಿಂಗಳ ಬಾಡಿಗೆ ಕರಾರಿನ ಊರು. ನಾಲ್ಕರಲ್ಲೊಂದು ಮನೆ ಖಾಲಿಯಾಗುತ್ತದೆ ಎಂದು ಇಟ್ಟುಕೊಂಡರೆ ಆರಂಭದಲ್ಲಿ ಪ್ರತಿ ಗುಂಪಿಗೆ 2,400 ಮಕ್ಕಳನ್ನು ಸೇರಿಸಿಕೊಳ್ಳಬೇಕು. 200 ಜನರನ್ನು ಕೇಳಿ ‘ಪರಿಣಾಮ ಕಂಡುಬರಲಿಲ್ಲ’ ಎಂದು ಬರೆಯುವ ವರದಿಗೆ ಕಾಗದದ ಬೆಲೆಯೂ ಇಲ್ಲ. ಮನೆ ಬಿಟ್ಟವರು ಎಲ್ಲಿಗೆ ಹೋದರು, ಬಾಡಿಗೆ ಏರಿದ್ದಕ್ಕೆ ಹೋದರೇ ಎಂಬುದನ್ನೂ ಬರೆದಿಡಬೇಕು. ಬೀದಿ ಚೆಂದವಾಗಿ ಬಾಡಿಗೆ ಏರಿ, ಕಾಯಿಲೆಯವರು ಊರಾಚೆ ಹೋಗಿ, ಗಟ್ಟಿಮುಟ್ಟಾದವರು ಬಂದು ಸೇರಿದರೂ ಕಾಗದದ ಮೇಲೆ ಆರೋಗ್ಯ ಸುಧಾರಿಸಿದಂತೆಯೇ ಕಾಣುತ್ತದೆ.

ಪ್ರಶ್ನೆ ಕೇಳುವುದರಲ್ಲೂ ಒಂದು ಸೂಕ್ಷ್ಮವಿದೆ. ‘ಮಗುವಿಗೆ ಆಸ್ತಮಾ ಇದೆಯೇ’ ಎಂದರೆ ತಾಯಂದಿರು ಇಲ್ಲ ಎನ್ನುತ್ತಾರೆ, ಹೆಣ್ಣುಮಗುವಾದರೆ ಇನ್ನೂ ಬೇಗ. ‘ಕಳೆದ 12 ತಿಂಗಳಲ್ಲಿ ಉಸಿರಾಡುವಾಗ ಎದೆಯಲ್ಲಿ ಸಿಳ್ಳೆಯಂಥ ಸದ್ದು ಬಂದಿತ್ತೇ, ರಾತ್ರಿ ಅದರಿಂದ ಎಚ್ಚರವಾಯಿತೇ’ ಎಂದು ಕೇಳಬೇಕು. ಸದ್ದನ್ನು ಫೋನಿನಲ್ಲಿ ಕೇಳಿಸಿದರೆ ಇನ್ನೂ ಒಳ್ಳೆಯದು. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಹಿಂದಿ ಪ್ರತಿಗಳೂ ಇರಲಿ. ಉಸಿರು ಎಷ್ಟು ರಭಸದಿಂದ ಹೊರಬರುತ್ತದೆ ಎಂದು ತೋರಿಸುವ ಪೀಕ್ ಫ್ಲೋ ಮೀಟರ್‌ ಅನ್ನು ಮಗುವನ್ನು ನಿಲ್ಲಿಸಿ ಮೂರು ಸಲ ಊದಿಸಿ, ಅತಿ ಹೆಚ್ಚಿನದನ್ನು ಬರೆದುಕೊಳ್ಳುವುದು. ದೊಡ್ಡವರ ಬಿಪಿ ನೋಡುವಾಗ ಐದು ನಿಮಿಷ ಕೂರಿಸಿ ಮೂರು ಸಲ ಅಳೆದು, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ. ಎಚ್‌ಎಸ್-ಸಿಆರ್‌ಪಿ ಪರೀಕ್ಷೆಯನ್ನು ಡೆಂಗಿ ಕಾಲದಲ್ಲಿ ಮಾಡಿಸಲೇಬೇಡಿ. ಜ್ವರ ಬಂದವರಲ್ಲಿ ಅದು ಎಲ್ಲಿಗೋ ಏರಿರುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಗುಣವಾದ ಮೇಲೆ ಮತ್ತೆ ಕರೆಯಬೇಕು. ಸರ್ಕಾರದ ‘ನಮ್ಮ ಕ್ಲಿನಿಕ್’ಗಳ ಒಪಿಡಿ ಪುಸ್ತಕದಲ್ಲಿ ರೋಗಿಯ ಬೀದಿಯ ಹೆಸರಿಗೆ ಒಂದು ಕಾಲಂ ಸೇರಿಸಿದರೆ, ಖರ್ಚಿಲ್ಲದೆ ವರ್ಷವಿಡೀ ಮಾಹಿತಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರಿಗೆ ಈ ಕೆಲಸವನ್ನು ಪ್ರತ್ಯೇಕ ಗೌರವಧನವಿಲ್ಲದೆ ಹೊರಿಸಬೇಡಿ. ಹೊರಿಸಿದರೆ ಮರದ ಕೆಳಗೆ ಕುಳಿತು ತುಂಬಿದ ಫಾರಂಗಳೇ ಬರುತ್ತವೆ, ತಪ್ಪು ಅವರದಲ್ಲ.

ಗಾಳಿಯ ಸೆನ್ಸರ್‌ಗಳ ವಿಷಯ. ಪಿಎಂ 2.5 ಎಂಬ ಸೂಕ್ಷ್ಮ ದೂಳನ್ನು ಅಳೆಯುವ ಅಗ್ಗದ ಸೆನ್ಸರ್‌ಗಳು ತೇವ ಹೆಚ್ಚಿದ ದಿನ ನೀರಹನಿಯನ್ನೂ ದೂಳೆಂದು ಎಣಿಸುತ್ತವೆ. ಬೀದಿಗೆ ಒಯ್ಯುವ ಮೊದಲು ಎಲ್ಲವನ್ನೂ ಪೀಣ್ಯದ ನಿರಂತರ ಮಾಪನ ಕೇಂದ್ರದ ಪಕ್ಕದಲ್ಲಿ ಎರಡು ವಾರ ಇಟ್ಟು ತಾಳೆ ನೋಡಬೇಕು, ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ. ಕಳ್ಳತನಕ್ಕೆ ಹೆದರಿ 15 ಅಡಿ ಕಂಬದ ಮೇಲೆ ಕಟ್ಟಿದರೆ ಕಾಗೆಯ ಗಾಳಿ ಅಳೆದಂತಾಗುತ್ತದೆ. ಅಂಗನವಾಡಿಯ ಕಿಟಕಿ ಸರಳಿಗೆ, ಮಗುವಿನ ಮೂಗಿನ ಎತ್ತರಕ್ಕೆ ಕಟ್ಟಿ. ಡಿಸೆಂಬರಿನ ಅಂಕಿಯನ್ನು ಜುಲೈ ಜೊತೆ ಹೋಲಿಸುವುದು ಬೇಡ. ಮಳೆ ತೊಳೆದದ್ದು ಮರದ ಖಾತೆಗೆ ಜಮೆಯಾಗುತ್ತದೆ. ಯಾವ ಬೀದಿಯಲ್ಲಿ ಯಾವ ತಿಂಗಳು ವೈಟ್ ಟಾಪಿಂಗ್, ಚರಂಡಿ ಅಗೆತ ನಡೆಯಿತು ಎಂಬ ದಿನಚರಿಯೂ ಬೇಕು.

ಗಾಳಿಗಿಂತ ಬೇಗ ಫಲ ಕಾಣುವುದು ಬಿಸಿಲಿನ ವಿಷಯದಲ್ಲಿ. 2013ರಲ್ಲಿ ಪ್ರಕಟವಾದ ಬೆಂಗಳೂರಿನ ಬೀದಿಮರಗಳ ಅಧ್ಯಯನದಲ್ಲಿ, ಮರವಿದ್ದ ರಸ್ತೆಯ ಮಧ್ಯಾಹ್ನದ ಗಾಳಿ ಮರವಿಲ್ಲದ ಕಡೆಗಿಂತ 5.6 ಡಿಗ್ರಿವರೆಗೂ, ಟಾರಿನ ಮೇಲ್ಮೈ 27.5 ಡಿಗ್ರಿವರೆಗೂ ತಣ್ಣಗಿತ್ತು. ಏಪ್ರಿಲ್–ಮೇ ತಿಂಗಳಲ್ಲಿ ಶೀಟಿನ ಮನೆಗಳ ಒಳಗೆ, ಒಲೆ ಮತ್ತು ಫ್ರಿಜ್‌ನಿಂದ ದೂರ, 15 ನಿಮಿಷಕ್ಕೊಮ್ಮೆ ತಾಪ ದಾಖಲಿಸುವ ಸಣ್ಣ ಲಾಗರ್ ಇಡಿ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರ ನಿದ್ದೆಯನ್ನೂ ಕೇಳಿ.

ಇನ್ನು ಹಸಿರೇ ಹಾನಿ ಮಾಡುವ ಸಂದರ್ಭಗಳು. ಇದನ್ನು ಮುಚ್ಚಿಡುವ ವರದಿ ನಮಗೆ ಬೇಡ.

20 ಅಡಿಯ ಬೀದಿ, ಎರಡೂ ಕಡೆ ಮೂರು ಅಂತಸ್ತು. ಅಲ್ಲಿ ದಟ್ಟ ಕೊಡೆಯ ಮರಗಳನ್ನು ಒತ್ತಾಗಿ ನೆಟ್ಟು, ಕೆಳಗೆ ವಾಹನ ಓಡಲು ಬಿಟ್ಟರೆ ಹೊಗೆ ಮೇಲೇರದೆ ಅಲ್ಲೇ ಸುತ್ತುತ್ತದೆ. ಒಳಬೀದಿಗೆ ವಿರಳ ಕೊಡೆಯ ನುಗ್ಗೆಯಂಥವು, ಅಂತರ ಬಿಟ್ಟು. ಮುಖ್ಯರಸ್ತೆಯಲ್ಲಿ ಫುಟ್‌ಪಾತಿಗೂ ವಾಹನಕ್ಕೂ ನಡುವೆ, ನೆಲದಿಂದಲೇ ಎಲೆ ತುಂಬಿದ, ಐದಾರು ಅಡಿಯ ಜೀವಂತ ಬೇಲಿ. ಅದು ಎಡೆಬಿಡದೆ ಇರಬೇಕು, ಸಂದು ಬಿಟ್ಟರೆ ಹೊಗೆ ಅಲ್ಲೇ ನುಗ್ಗುತ್ತದೆ. ದಾಸವಾಳ ಆದೀತು. ಕಣಗಿಲೆ ಶಾಲೆಯ ಹತ್ತಿರ ಬೇಡ, ಅದರ ಎಲೆ, ಹೂವು ಎಲ್ಲವೂ ವಿಷ. ಬೇಗ ಹಸಿರಾಗುತ್ತದೆಂದು ಕೋನೊಕಾರ್ಪಸ್ ಎಂಬ ವಿದೇಶಿ ಮರ ತರುವ ಗುತ್ತಿಗೆದಾರರಿದ್ದಾರೆ. ಗುಜರಾತ್ ಅದನ್ನು 2023ರಲ್ಲೇ ನಿಷೇಧಿಸಿದೆ. ನೆಟ್ಟ ಸಸಿಯ ಬುಡದಲ್ಲಿ ಪಾರ್ಥೇನಿಯಂ ಎದ್ದರೆ ಗೂರಲಿಗೆ ನಾವೇ ಗೊಬ್ಬರ ಹಾಕಿದಂತೆ.

ಎಲ್ಲಕ್ಕಿಂತ ದೊಡ್ಡ ಅಪಾಯ ನೆಲದಡಿ ಇದೆ. ಪೀಣ್ಯದ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್‌ನಿಂದ ಬಂದ ಹೆಕ್ಸಾವಲೆಂಟ್ ಕ್ರೋಮಿಯಂ ಎಂಬ ವಿಷಲೋಹ ಇದೆ ಎಂಬುದು ಸರ್ಕಾರಿ ದಾಖಲೆಗಳಲ್ಲೇ ಇದೆ. ನಗರದ ಉಳಿದೆಡೆ ಮಾಡುವಂತೆ ಇಲ್ಲಿಯೂ ಕಣ್ಣುಮುಚ್ಚಿ ಇಂಗುಗುಂಡಿ ತೋಡಿದರೆ, ಮಣ್ಣಿನಲ್ಲಿ ಕೂತಿರುವ ವಿಷವನ್ನು ಮಳೆನೀರೇ ಕೊಳವೆಬಾವಿಗೆ ಇಳಿಸುತ್ತದೆ. ಪ್ರತಿ ಜಾಗದಲ್ಲೂ ಮೊದಲು ಒಂದು ಅಡಿ ಮತ್ತು ಮೂರು ಅಡಿ ಆಳದ ಮಣ್ಣನ್ನು ಕ್ರೋಮಿಯಂ, ನಿಕಲ್, ಸೀಸಕ್ಕಾಗಿ ಪರೀಕ್ಷಿಸಿ. ಮಲಿನವಾಗಿದ್ದ ಕಡೆ ಮಳೆತೋಟದ (ಮಳೆನೀರು ಹರಿದು ಸೇರುವ ತಗ್ಗಿನ ತೋಟದ) ತಳಕ್ಕೆ ನೀರು ಜಿನುಗದ ಹಾಳೆ, ಅದರ ಮೇಲೆ ಜಲ್ಲಿ ಮತ್ತು ತೂತಿನ ಪೈಪು, ಪೈಪಿನ ತುದಿ ಮಳೆನೀರು ಚರಂಡಿಗೆ. ಅಲ್ಲಿ ಸೊಪ್ಪು ಬೆಳೆಯುವ ಕೈತೋಟ ಬೇಡವೇ ಬೇಡ. ಎಲ್ಲ ಕಡೆಯೂ ನಿಂತ ನೀರು 48 ಗಂಟೆಯೊಳಗೆ ಖಾಲಿಯಾಗಬೇಕು. ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ವಾರ ಸಾಕು. ಡೆಂಗಿಯನ್ನು ಸಾಂಕ್ರಾಮಿಕವೆಂದು 2024ರಲ್ಲಿ ಘೋಷಿಸಿದ ರಾಜ್ಯ ನಮ್ಮದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಲಾರ್ವಾ ಎಣಿಕೆಯೂ ಈ ಮೌಲ್ಯಮಾಪನದ ಭಾಗವಾಗಲಿ.

ಮೂರಡಿ ಸಸಿ ನೆಟ್ಟು ಮೂರು ವರ್ಷದಲ್ಲಿ ಆರೋಗ್ಯದ ಫಲ ಹುಡುಕುವುದು ವ್ಯರ್ಥ. ಎಂಟು-ಹತ್ತು ಅಡಿಯ ಸಸಿ, 3×3×3 ಅಡಿಯ ಗುಂಡಿ, ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ 20 ಲೀಟರ್ ನೀರು, ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಕಾಂಕ್ರೀಟ್ ಇಲ್ಲದ ಮಣ್ಣು. ಗುತ್ತಿಗೆದಾರರ ಬಿಲ್ಲಿನ ಅರ್ಧವನ್ನು ಮೂರನೆಯ ವರ್ಷ ಬದುಕಿರುವ ಮರಗಳ ಎಣಿಕೆಗೆ ಕಟ್ಟಿಹಾಕಿ. ಉದ್ಯಾನವಾದರೆ, ಗಾರ್ಮೆಂಟ್ಸ್‌ನಿಂದ ಸಂಜೆ ಆರಕ್ಕೆ ಹೊರಬರುವ ಹೆಣ್ಣುಮಕ್ಕಳಿಗೆ ಗೇಟು ತೆರೆದಿದೆಯೇ, ದೀಪ ಉರಿಯುತ್ತಿದೆಯೇ, ಎಷ್ಟು ಜನ ಒಳಗೆ ಬಂದರು ಎಂದು ಎಣಿಸಬೇಕು. ಬೀಗ ಹಾಕಿದ ಹಸಿರು ಯಾರ ಬಿಪಿಯನ್ನೂ ಇಳಿಸದು.

ಒಂದು ಮಾತು ಸ್ಪಷ್ಟವಿರಲಿ. ಚಿಮಣಿಗೆ ಫಿಲ್ಟರ್ ಹಾಕಿಸುವ, ಲಾರಿಗಳ ಹೊಗೆ ತಡೆಯುವ ಕೆಲಸಕ್ಕೆ ಮರ ಬದಲಿಯಲ್ಲ. ಈ ಅಧ್ಯಯನ ನಡೆಯುತ್ತಿದೆ ಎಂಬ ಕಾರಣ ಕೊಟ್ಟು ಯಾವ ಕಾರ್ಖಾನೆಯ ಮೇಲಿನ ಕ್ರಮವನ್ನೂ ಮುಂದೂಡಬಾರದು.

ಹಾಗಾಗಿ ನಮ್ಮ ಕೋರಿಕೆ: ಈ ಭಾಗದ ಹಸಿರು ಕಾಮಗಾರಿಗಳ ಅಂದಾಜುಪಟ್ಟಿಯಲ್ಲೇ ಆರೋಗ್ಯ ಅಳತೆಗೆ ಪ್ರತ್ಯೇಕ ಮೊತ್ತ ತೋರಿಸಿ. ನೈತಿಕ ಸಮಿತಿಯ ಒಪ್ಪಿಗೆ, ಮನೆಮನೆಯ ಒಪ್ಪಿಗೆಪತ್ರ ಮೊದಲು ಆಗಲಿ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಗಾಳಿ ಮತ್ತು ಉಸಿರು, ಏಪ್ರಿಲ್–ಮೇನಲ್ಲಿ ತಾಪ, ಆಮೇಲೆ ಜೂನ್ ಮಳೆಗೆ ಮೊದಲ ಕಂತಿನ ಗುಂಡಿ. ಸರದಿಯ ಚೀಟಿಯನ್ನು ವಾರ್ಡ್ ಸಮಿತಿಯ ಸಭೆಯಲ್ಲಿ ಎತ್ತಿಸಿ, ಬೀದಿಗಳ ಪಟ್ಟಿಯನ್ನು ಅದೇ ದಿನ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ.

ವಿಶ್ವಾಸಪೂರ್ವಕವಾಗಿ,
ನಗರದ ಪರಿಸರ ಮತ್ತು ಸಮುದಾಯ ಆರೋಗ್ಯ ಕ್ಷೇತ್ರಗಳಲ್ಲಿ ದುಡಿಯುತ್ತಿರುವ ಕೆಲವರು