ಕಿವಿ ಖಾಲಿ ಇದೆ, ರೇಡಿಯೊದಲ್ಲಿ ಮಾತೇ ಇಲ್ಲ

ಮಾನ್ಯ ಸಂಪಾದಕರೇ,

ಹನುಮಂತನಗರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಹತ್ತಡಿ ಅಗಲದ ಮಳಿಗೆ, ಹೊಲಿಯೋಕೆ ಎರಡು ಮಷಿನ್, ಪೀಕೋಗೆ ಒಂದು, ಗೂಡಿನಲ್ಲಿ ಒಂದು ರೇಡಿಯೊ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ರಾತ್ರಿ ಎಂಟೂವರೆವರೆಗೂ ಅದು ಆನ್ ಇರುತ್ತದೆ. ನಮ್ಮ ಕೆಲಸಕ್ಕೆ ಕಣ್ಣು, ಕೈ, ಕಾಲು ಮೂರೂ ಬೇಕು. ಖಾಲಿ ಇರೋದು ಕಿವಿ ಮಾತ್ರ. ಹೊಲಿಯುತ್ತಾ ಟಿವಿ ನೋಡಿದರೆ ಸೂಜಿ ಬೆರಳಿಗೆ ಇಳಿಯುತ್ತದೆ. ಹಾಗಾಗಿ ಇಷ್ಟು ವರ್ಷ ಈ ಊರಿನ ಎಫ್‌ಎಂ ಸ್ಟೇಷನ್‌ಗಳನ್ನೆಲ್ಲ ಕೇಳಿಕೊಂಡು ಬಂದಿದ್ದೇನೆ. ಈಗ ಒಂದು ಮಾತು ಹೇಳಲೇಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. 2001ರ ಜುಲೈ 3, ರೇಡಿಯೊ ಸಿಟಿ. ಅಲ್ಲಿಯವರೆಗೆ ನಮಗೆ ಆಕಾಶವಾಣಿ, ವಿವಿಧ ಭಾರತಿ ಅಷ್ಟೇ. ಹೊಸ ಸ್ಟೇಷನ್‌ನಲ್ಲಿ ಇಂಗ್ಲಿಷ್, ಹಿಂದಿ, ಕನ್ನಡ ಎಲ್ಲ ಬೆರೆತಿತ್ತು. ಆಗಿನ ನಿಯಮದಂತೆ ಇವರು ಸರ್ಕಾರಕ್ಕೆ ಕಟ್ಟುವ ಫೀಸು ವರ್ಷ ವರ್ಷವೂ ನೂರಕ್ಕೆ 15ರಂತೆ ಏರುತ್ತಿತ್ತು, ವ್ಯಾಪಾರ ಆಗಲಿ ಬಿಡಲಿ. 2005ರಲ್ಲಿ ನಿಯಮ ಬದಲಾಯಿತು. ಬಂದ ವರಮಾನದಲ್ಲಿ ನೂರಕ್ಕೆ 4 ಕೊಟ್ಟರೆ ಸಾಕು ಅನ್ನುವ ಲೆಕ್ಕಕ್ಕೆ ಬಂತು. ಆಮೇಲೆ ನೋಡಿ, 2006, 2007ರಲ್ಲಿ ಒಂದಾದ ಮೇಲೊಂದು ಶುರುವಾದವು. 92.7, 98.3, 94.3, 104... ಮುಳ್ಳು ಸ್ವಲ್ಪ ತಿರುಗಿಸಿದರೆ ಒಂದು ಹೊಸ ದನಿ. ಕೇಳುಗರು ಬೇಕು ಅಂತ ಹೆಚ್ಚಿನವರು ಕನ್ನಡಕ್ಕೆ ಬಂದರು. ಪೈಪೋಟಿಯಿಂದ ನಮಗೆ ಒಳ್ಳೆಯದಾದ ಕಾಲ ಅದು. ಅದನ್ನು ನಾನು ಮರೆತಿಲ್ಲ.

ಆ ದಿನಗಳಲ್ಲಿ ಒಂದು ಸ್ಟೇಷನ್‌ನಲ್ಲಿ ಮಧ್ಯಾಹ್ನ ಎರಡರಿಂದ ಮೂರು ಗಂಟೆವರೆಗೆ ಕೇಳುಗರು ಫೋನ್ ಮಾಡುವ ಕಾರ್ಯಕ್ರಮ ಬರುತ್ತಿತ್ತು. ದಿನಕ್ಕೊಂದು ಪ್ರಶ್ನೆ. ಒಂದು ದಿನ ಕೇಳಿದ್ದು, ‘ಮನೆಗೆಲಸದವರಿಗೆ ವಾರಕ್ಕೊಂದು ರಜ ಕೊಡ್ತೀರಾ?’ ಮೊದಲು ನಾಲ್ಕೈದು ಜನ ಮನೆ ಯಜಮಾನಿಯರೇ ಮಾತಾಡಿದರು. ಕೊಟ್ಟರೆ ಕಷ್ಟ, ಕೊಡದಿದ್ದರೆ ಪಾಪ ಅಂತೆಲ್ಲ. ಆಮೇಲೆ ಒಂದು ಸಣ್ಣ ದನಿ ಬಂತು. ಹಿಂದೆ ನಲ್ಲಿ ನೀರು ಬೀಳುವ ಸದ್ದು. “ನಾನು ಕೆಲಸದ ಮನೆಯಿಂದಲೇ ಮಾತಾಡ್ತಿದ್ದೀನಿ. ಅಮ್ಮಾವ್ರು ಮಲಗಿದಾರೆ” ಅಂದಳು. ಕಾರ್ಯಕ್ರಮ ನಡೆಸುತ್ತಿದ್ದ ಆರ್‌ಜೆ ಕೇಳಿದರು, “ಕಡೇ ಸಲ ರಜ ತಗೊಂಡಿದ್ದು ಯಾವಾಗ ಅಕ್ಕಾ?” ಆಕೆ ಸುಮ್ಮನಾದಳು. ಆರ್‌ಜೆಯೂ ಸುಮ್ಮನೆ ಕಾದರು. ಹಾಡು ಹಾಕಲಿಲ್ಲ, ಜಾಹೀರಾತು ಹಾಕಲಿಲ್ಲ. ರೇಡಿಯೊದಲ್ಲಿ ನೀರಿನ ಸದ್ದಷ್ಟೇ. ಕೊನೆಗೆ ಆಕೆ ಹೇಳಿದಳು, “ಮಗಳು ದೊಡ್ಡವಳಾದಾಗ.”

ನಾನು ಮಷಿನ್ ನಿಲ್ಲಿಸಿದ್ದೆ. ಎದುರಿಗೆ ಹುಕ್ಸ್ ಹಾಕುತ್ತಾ ಕೂತಿದ್ದ ನಮ್ಮ ಅಂಗಡಿ ಹುಡುಗಿ ತಲೆ ಎತ್ತಿ ನನ್ನ ಮುಖ ನೋಡಿದಳು. ಅಲ್ಲಿಯವರೆಗೆ ನಮ್ಮ ಅಂಗಡಿಗೆ ಅಮಾವಾಸ್ಯೆಗೊಂದೇ ರಜ. ಮುಂದಿನ ವಾರದಿಂದ ಪ್ರತಿ ಮಂಗಳವಾರ ರಜ ಮಾಡಿದೆ. ಇವತ್ತಿಗೂ ಹಾಗೇ ಇದೆ.

ಆ ಕಾರ್ಯಕ್ರಮ ಒಂದು ಸೋಮವಾರ ಬರಲೇ ಇಲ್ಲ. ಎರಡು ಗಂಟೆಗೆ ಹಿಂದಿ ಹಾಡು ಶುರುವಾಯಿತು. ಮಂಗಳವಾರವೂ ಅದೇ, ಬುಧವಾರವೂ ಅದೇ. ಇಂದಿನಿಂದ ಇಲ್ಲ ಅಂತ ಒಂದು ಮಾತು ಹೇಳಲಿಲ್ಲ. ಸ್ಟೇಷನ್‌ಗೆ ಫೋನ್ ಮಾಡಿ ಕೇಳಿದೆ. “ಫಾರ್ಮ್ಯಾಟ್ ಚೇಂಜ್ ಆಗಿದೆ ಮೇಡಂ” ಅಂದರು. ಆ ಆರ್‌ಜೆ ಎಲ್ಲಿಗೆ ಹೋದರು ಅಂದರೆ ಅದಕ್ಕೂ ಉತ್ತರ ಇಲ್ಲ. ದಿನಾ ಬಂದು ಮಾತಾಡಿಸುತ್ತಿದ್ದವರು ಹೇಳದೆ ಕೇಳದೆ ಊರು ಬಿಟ್ಟರೆ ಹೇಗಿರುತ್ತದೆ, ಹಾಗಾಯಿತು.

ಆಮೇಲಿನ ವರ್ಷಗಳಲ್ಲಿ ಈ ಫಾರ್ಮ್ಯಾಟ್ ಎಂಬ ಮಾತು ಎಷ್ಟು ಸಲ ಕಿವಿಗೆ ಬಿತ್ತೋ. ಒಬ್ಬರು ಕನ್ನಡದಿಂದ ಹಿಂದಿಗೆ, ಇನ್ನೊಬ್ಬರು ಹೊಸ ಹಾಡಿನಿಂದ ಹಳೆ ಹಾಡಿಗೆ, ಮತ್ತೆ ವಾಪಸ್. ಮೊದಲು ಪೈಪೋಟಿ ಇದ್ದದ್ದು ಬೇರೆಯವರಿಗಿಂತ ಬೇರೆ ಥರ ಇರೋಣ ಅಂತ. ಈಗ ಪೈಪೋಟಿ ಒಂದೇ ವಿಷಯಕ್ಕೆ: ಮುಳ್ಳು ತಿರುಗಿಸಲು ಬಿಡಬಾರದು. ಒಂದು ನಿಮಿಷ ಮಾತಾಡಿದರೆ ಕೇಳುಗರು ಓಡಿಹೋಗುತ್ತಾರೆ ಅನ್ನುವ ಭಯ. ಯಾರು ಏನು ಕೇಳುತ್ತಾರೆ ಅಂತ ಲೆಕ್ಕ ಹಾಕಲು ಕೆಲವರ ಕೈಗೆ ಡೈರಿ ಕೊಟ್ಟು ಬರೆಸುತ್ತಿದ್ದರಂತೆ. ನಮ್ಮ ಬೀದಿಯ ಇಸ್ತ್ರಿ ಅಂಗಡಿ, ಹೂವಿನವರು, ಆಟೊ ಸ್ಟ್ಯಾಂಡ್, ನಾನು, ಎಲ್ಲರೂ ದಿನವಿಡೀ ಕೇಳುವವರೇ. ಆ ಡೈರಿಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಮಾತು ಕಡಿಮೆಯಾಗಲು ಸರ್ಕಾರದ ನಿಯಮವೂ ಕಾರಣ. ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿ ಸುದ್ದಿಯನ್ನು ಒಂದಕ್ಷರ ಬದಲಿಸದೆ ಹಾಕಬಹುದು, ಅಷ್ಟೇ. ಟಿವಿಯವರು ಇಪ್ಪತ್ನಾಲ್ಕು ಗಂಟೆ ಸುದ್ದಿ ಹೇಳಬಹುದು, ನಿಮ್ಮ ಪತ್ರಿಕೆ ಬರೆಯಬಹುದು, ಮೊಬೈಲಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ರೇಡಿಯೊಗೆ ಮಾತ್ರ ಯಾಕೆ ಬೇಡ? ಸುದ್ದಿಯ ವಿಷಯ ಮಾತಾಡುವಂತಿಲ್ಲ ಅಂದಮೇಲೆ ಆರ್‌ಜೆಗಳಿಗೆ ಉಳಿಯುವುದು ಸಿನಿಮಾ ಗಾಸಿಪ್ಪು, ಯಾರಿಗೋ ಫೋನ್ ಮಾಡಿ ಬಕ್ರಾ ಮಾಡುವುದು. ಆ ಹುಡುಗ ಹುಡುಗಿಯರಿಗೆ ಮಾತು ಬರುವುದಿಲ್ಲ ಅಂತಲ್ಲ. ಒಳ್ಳೆಯ ಮಾತುಗಾರರೇ ಇದ್ದಾರೆ.

2023ರ ಸೆಪ್ಟೆಂಬರ್‌ನಲ್ಲಿ ಟ್ರಾಯ್, ಅಂದರೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಒಂದು ಶಿಫಾರಸು ಮಾಡಿತು. ಪ್ರತಿ ಗಂಟೆಗೆ 10 ನಿಮಿಷ ಸುದ್ದಿ ಮತ್ತು ಪ್ರಚಲಿತ ವಿಷಯಗಳ ಕಾರ್ಯಕ್ರಮ ಮಾಡಲು ಖಾಸಗಿ ಎಫ್‌ಎಂಗೆ ಬಿಡಿ ಅಂತ. ಮೊಬೈಲುಗಳಲ್ಲಿ ಎಫ್‌ಎಂ ರೇಡಿಯೊ ಕೆಲಸ ಮಾಡುವಂತೆ ಇಡಿ ಅಂತಲೂ ಹೇಳಿತು. ಎರಡೂ ಬೇಕಾದದ್ದೇ. ನಮ್ಮ ಹುಡುಗಿಯ ಫೋನಿನಲ್ಲಿ ರೇಡಿಯೊ ಇಲ್ಲ. ಹಾಡಿನ ಆ್ಯಪ್‌ ಹಾಕಿಕೊಂಡರೆ ಡೇಟಾ ಬೇಕು.

ಆದರೆ ಸುದ್ದಿಯ ಅನುಮತಿ ಬರುವ ತನಕ ಕೈ ಕಟ್ಟಿ ಕೂರಬೇಕಿಲ್ಲ ಅಲ್ವಾ? 2011ರ ನಿಯಮದಲ್ಲೇ ಟ್ರಾಫಿಕ್, ಹವಾಮಾನ, ಪರೀಕ್ಷೆ, ರಿಸಲ್ಟು, ಕೆಲಸದ ಅವಕಾಶ, ಕರೆಂಟು, ನೀರು, ಆರೋಗ್ಯದ ಎಚ್ಚರಿಕೆ ಇವೆಲ್ಲ ಸುದ್ದಿ ಅಲ್ಲ, ಧಾರಾಳವಾಗಿ ಹೇಳಬಹುದು ಅಂತ ಇದೆ. 2024ರ ಮಾರ್ಚ್‌ನಲ್ಲಿ ಊರಿಗೆ ಊರೇ ನೀರಿಲ್ಲದೆ ಒದ್ದಾಡಿತು. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನನಗೆ ಅದು ಗೊತ್ತಾದದ್ದು ಅಳತೆ ಬ್ಲೌಸ್ ಕೊಡಲು ಬಂದ ಗಿರಾಕಿಯ ಫೋನಿನಿಂದ. ಅವತ್ತು ಬೆಳಗಿನಿಂದ ರೇಡಿಯೊ ಹಾಕಿಯೇ ಇತ್ತು. ನೀರು ಯಾವ ಬಡಾವಣೆಗೆ ಯಾವಾಗ ಬರುತ್ತದೆ, ಟ್ಯಾಂಕರ್‌ನವರು ಎಷ್ಟು ಕೇಳುತ್ತಿದ್ದಾರೆ, ಜನ ಏನು ಮಾಡುತ್ತಿದ್ದಾರೆ, ಒಂದು ಗಂಟೆ ಫೋನ್ ಲೈನ್ ತೆರೆದಿಟ್ಟಿದ್ದರೆ ಇಡೀ ಬೆಂಗಳೂರು ಮಾತಾಡುತ್ತಿತ್ತು.

ಲಾಭಕ್ಕಲ್ಲದೆ ಸುತ್ತಲಿನ ಜನರಿಗಾಗಿ ನಡೆಸುವ ಸಮುದಾಯ ರೇಡಿಯೊ ಇದೆಯಲ್ಲ ಅಂತ ಕೆಲವರು ಹೇಳಬಹುದು. 90.4ರಲ್ಲಿ ರೇಡಿಯೊ ಆ್ಯಕ್ಟಿವ್ ಅಂಥ ಕೆಲಸ ಮಾಡುತ್ತಿದೆ, ಅವರಿಗೆ ನನ್ನ ನಮಸ್ಕಾರ. ಆದರೆ ಸಮುದಾಯ ರೇಡಿಯೊಗೆ ಕೊಟ್ಟಿರುವ ಶಕ್ತಿಯೇ ನೂರು ವ್ಯಾಟ್‌ನಷ್ಟು. ಇಷ್ಟು ದೊಡ್ಡ ಊರಿಗೆ ಅದು ಸಾಲುವುದಿಲ್ಲ.

ಆಕಾಶದ ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸ್ಟೇಷನ್ ನಡೆಸುವವರು ಸಂಪಾದನೆ ಮಾಡಲಿ, ಬೇಡ ಅನ್ನುವುದಿಲ್ಲ. ದಿನಕ್ಕೆ ಒಂದೇ ಒಂದು ಗಂಟೆ ಊರಿನವರ ಮಾತಿಗೆ ಬಿಡಲಿ. ಕಾರ್ಯಕ್ರಮ ನಿಲ್ಲಿಸುವುದಾದರೆ ಒಂದು ವಾರ ಮುಂಚೆ ಹೇಳಲಿ, ಕೊನೆಯ ದಿನ ಆರ್‌ಜೆಗೆ ಹೋಗಿಬರುತ್ತೇನೆ ಅನ್ನಲು ಬಿಡಲಿ. ಟ್ರಾಯ್ ಶಿಫಾರಸನ್ನು ಕೇಂದ್ರ ಸರ್ಕಾರ ಜಾರಿಗೆ ತರಲಿ, ನಮ್ಮ ಸಂಸದರು ದೆಹಲಿಯಲ್ಲಿ ಇದನ್ನು ಕೇಳಲಿ.

ಯಾವ ಸ್ಟೇಷನ್‌ನವರಾದರೂ ಮತ್ತೆ ಮಧ್ಯಾಹ್ನದ ಫೋನ್ ಕಾರ್ಯಕ್ರಮ ಶುರು ಮಾಡಿದರೆ ಮೊದಲ ಫೋನ್ ನನ್ನದೇ. ಪ್ರಶ್ನೆಯೂ ತಯಾರಿದೆ. ಒಂದು ಬ್ಲೌಸಿಗೆ ಹೆಮ್ಮಿಂಗ್ ಮಾಡಿ ಹುಕ್ಸ್ ಹಾಕುವ ಹುಡುಗಿಗೆ ಎಷ್ಟು ಕೊಡಬೇಕು? ನಮ್ಮ ಬೀದಿಯಲ್ಲೇ ಮೂರು ಅಂಗಡಿಗೆ ಮೂರು ರೇಟಿದೆ.

ಇಂತಿ,
ಒಬ್ಬ ಹೊಲಿಗೆಯವಳು,
ಹನುಮಂತನಗರ, ಬೆಂಗಳೂರು