ವಂಡರ್‌ಲಾ ಸಾಲಿನಿಂದ, ಪುಣೆಯಲ್ಲಿರೋ ಗೆಳೆಯನಿಗೆ

ಮಗಾ,

"ವಂಡರ್‌ಲಾ ಹೆಂಗಿತ್ತು?" ಅಂತ ನೀನು ಕೇಳಿ ವಾರ ಆಯ್ತು. ಅಲ್ಲಿ ನಡೆದದ್ದು ಫೋಟೋದಲ್ಲಿ ಬರೋ ಅಂಥದ್ದಲ್ಲ, ಜೊತೆಗೆ ನೀನು ಮಾಡಬೇಕಾದ ಒಂದು ಕೆಲಸವೂ ಇದೆ. ಅದಕ್ಕೇ ಕೂತು ಉದ್ದಕ್ಕೆ ಬರೀತಿದ್ದೀನಿ. ನಮ್ಮ ರೂಮ್‌ಮೇಟ್ ಭಟ್ಟನಿಗೆ ಓದಿ ಹೇಳಿ, ಅವನು ಹೂಂ ಅಂದ ಮೇಲೇ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೀನಿ. "ಮಲೆನಾಡಿಂದ ಬಂದು ಬೆಂಗಳೂರಲ್ಲಿ ಕೂತಿರೋ ಬೇರೆ ಹುಡುಗರೂ ಓದ್ಲಿ" ಅಂದ ಅವನು.

ಮೊದಲು ಮನೆ ಸುದ್ದಿ. ಹನುಮಂತನಗರದ ಮನೆ ಬಿಟ್ಟು ನಾಗರಭಾವಿಗೆ ಬಂದಿದ್ದೀವಿ, ಮೂರನೇ ಮಹಡಿ. ಇಡೀ ಸಾಮಾನಿಗೆ ಒಂದು ಟಾಟಾ ಏಸ್ ಸಾಕಾಯ್ತು, ಆದರೆ ಫ್ರಿಡ್ಜು ಮೆಟ್ಟಿಲ ತಿರುವಿನಲ್ಲಿ ಹಿಡಿಸಲೇ ಇಲ್ಲ. ಗೌಡ ಊರಿಂದ ತಂದಿದ್ದ ಹಗ್ಗ ಕಟ್ಟಿ ಬಾಲ್ಕನಿ ಕಡೆಯಿಂದ ಮೇಲಕ್ಕೆ ಎಳೆದ್ವಿ. ಎದುರು ಮನೆ ಅಜ್ಜ ರಸ್ತೇಲಿ ನಿಂತು "ಎಡಕ್ಕೆ, ಎಡಕ್ಕೆ, ಒಂಚೂರು ಸಡಿಲ ಬಿಡಿ" ಅಂತ ಕೊನೇವರೆಗೂ ಹೇಳ್ಕೊಟ್ರು, ಆಮೇಲೆ ಮನೆಯಿಂದ ಮಜ್ಜಿಗೆ ಕಳಿಸಿದ್ರು. ಈಗ ಭಾನುವಾರ ಸಂಜೆ ಅವರು ನಮ್ಮ ಜೊತೆ ಕೇರಂ ಆಡ್ತಾರೆ. ಬೋರ್ಡು ನಿಂದೇ, ಜೋಪಾನವಾಗಿದೆ. ನಮ್ಮ ಗೆಳತಿ ಟೀಚರ್ ಈಗಲೂ ತಿಂಗಳ ಸಂಬಳ ಬಂದ ದಿನ ಎಲ್ಲರನ್ನೂ ವಿ.ವಿ. ಪುರಂ ತಿಂಡಿ ಬೀದಿಗೆ ಎಳ್ಕೊಂಡು ಹೋಗ್ತಾಳೆ. ಅವರೆಕಾಯಿ ಕಾಲದಲ್ಲಿ ಅಲ್ಲಿ ನಿಂತ್ರೆ ನಿನ್ನ ಹೆಸರು ಬರದೇ ಇರಲ್ಲ.

ಈಗ ವಿಷಯಕ್ಕೆ ಬರ್ತೀನಿ. ಗೌಡನಿಗೆ ಬೈಕಲ್ಲೇ ಹೋಗೋ ಆಸೆ ಇತ್ತು. ಆದರೆ 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೇಲಿ ಬೈಕ್ ಬಿಡಲ್ಲ, ಸರ್ವಿಸ್ ರಸ್ತೇಲೇ ಹೋಗಬೇಕು. ಬೇಡ ಅಂತ ಮೆಟ್ರೋ ಹತ್ತಿದ್ವಿ. ನೀನಿದ್ದಾಗ ನೇರಳೆ ಮಾರ್ಗ ಕೆಂಗೇರಿಗೇ ನಿಲ್ತಿತ್ತಲ್ಲ, ಅದೇ ವರ್ಷ ಅಕ್ಟೋಬರ್‌ನಿಂದ ಚಲ್ಲಘಟ್ಟದ ತನಕ ಹೋಗ್ತಿದೆ. ಅಲ್ಲಿಳಿದು ಬಸ್ಸು. ವಂಡರ್‌ಲಾ ದಾರಿ ಬಿಡದಿ ಊರಿಗಿಂತ ಮೊದಲೇ ಸಿಗುತ್ತೆ, ಆದ್ರೂ ಊರಿನ ತನಕ ಹೋಗಿ ತಟ್ಟೆ ಇಡ್ಲಿ ತಿಂದೇ ವಾಪಸ್ ಬಂದ್ವಿ. ಬಿಡದಿ ಮುಟ್ಟಿ ಇಡ್ಲಿ ತಿನ್ನದೇ ಬರೋದು ಸರಿಯಲ್ಲ ಅಂತ ನಾನು ಈಗಲೂ ಹೇಳ್ತೀನಿ. ಬೆಣ್ಣೆ ಕರಗಿ ಇಡ್ಲಿಯೊಳಗೆ ಇಳೀತಾ ಇರುವಾಗ ಚಟ್ನಿ ಹಾಕ್ಕೋಬೇಕು, ಆಗ ಅದಕ್ಕೊಂದು ರುಚಿ.

ಈ ಪಾರ್ಕು ಶುರುವಾಗಿದ್ದು 2005ರಲ್ಲಿ. ನಾವೆಲ್ಲ ಆಗ ಸ್ಲೇಟು ಬಳಪ ಹಿಡಿದಿದ್ದ ಮಕ್ಕಳು. ಊರಲ್ಲಿ ಯಾರಾದ್ರೂ ಶಾಲೆ ಪ್ರವಾಸಕ್ಕೆ ಹೋಗಿ ಬಂದ್ರೆ ಒಂದು ವಾರ ಅವರ ಸುತ್ತ ನಾವು. ದುಡಿಯೋಕೆ ಶುರು ಮಾಡಿದ ಮೇಲೆ ನಮ್ಮದೇ ದುಡ್ಡಲ್ಲಿ ಆ ಗೇಟು ದಾಟೋದು ಅಂದ್ರೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಒಳಗೆ ಹೋದವರು ಸೀದಾ ರಿಕಾಯಿಲ್ ಅನ್ನೋ ರೋಲರ್ ಕೋಸ್ಟರ್ ಕಡೆ ನಡೆದ್ವಿ. ಸಾಲು ಉದ್ದ ಇತ್ತು. ಬೆಂಗಳೂರಲ್ಲಿ ನಾವು ಒಂದೇ ಮನೇಲಿದ್ರೂ ಮಾತಾಡೋದು ಎಷ್ಟು ಹೇಳು? ಒಬ್ಬನದು ರಾತ್ರಿ ಪಾಳಿ, ಒಬ್ಬನದು ಬೆಳಗಿನ ಮೀಟಿಂಗು. ಗ್ಯಾಸ್ ಬುಕ್ ಮಾಡಿದ್ಯಾ, ಬಾಡಿಗೆ ಹಾಕಿದ್ಯಾ, ಅಷ್ಟೇ. ಇಲ್ಲಿ ಫೋನು, ಬ್ಯಾಗು ಎಲ್ಲ ಲಾಕರ್‌ನಲ್ಲಿ. ಕಂಬಿಗಳ ನಡುವೆ ಹೆಜ್ಜೆ ಹೆಜ್ಜೆ ಮುಂದೆ ಹೋಗ್ತಾ ಇರಬೇಕು, ಬೇರೆ ಏನೂ ಮಾಡೋಕಿಲ್ಲ. ರೈಡು ಮುಗಿಯೋದು ಒಂದೆರಡು ನಿಮಿಷದಲ್ಲಿ. ಆ ದಿನದ ಬಹುಪಾಲು ಸಾಲಲ್ಲೇ ಕಳೀತು, ಮತ್ತೆ ನನಗೆ ಆ ಸಾಲೇ ಇಷ್ಟ ಆಯ್ತು.

ಯಾಕಂದ್ರೆ ಅಲ್ಲೇ ಭಟ್ಟ ಬಾಯಿ ಬಿಟ್ಟ. "ನಾನು ಕೆಲಸ ಬಿಟ್ಟು ಊರಿಗೆ ಹೋಗ್ತಿದ್ದೀನಿ" ಅಂದ. ಮೊದಲು ರಜೆಗೆ ಅಂತ ಅಂದ್ಕೊಂಡ್ವಿ. ಅಲ್ಲ, ತೋಟ ನೋಡ್ಕೊಳ್ಳೋಕೆ. ಶಿರಸಿ ಹತ್ತಿರದ ಅವರ ಅಡಿಕೆ ತೋಟ ನೀನು ನೋಡಿದ್ದೀಯಲ್ಲ, ಮನೆ ಹಿಂದಿನ ಕಣಿವೇಲಿ ಇಳಿಯುತ್ತೆ. ಅಪ್ಪನಿಗೆ ಮಂಡಿ ನೋವು, ತೋಟಕ್ಕೆ ಇಳಿದ್ರೆ ಹತ್ತೋಕಾಗಲ್ಲ. ಮರ ಹತ್ತಿ ಅಡಿಕೆ ಗೊನೆ ಕೊಯ್ಯೋ ಕೊನೆಗೌಡರು ಸಿಗ್ತಿಲ್ಲ. ಮಳೆಗೆ ಮುಂಚೆ ಬೋರ್ಡೋ ದ್ರಾವಣದ ಔಷಧಿ ಹೊಡೀಬೇಕು, ತಡ ಆದ್ರೆ ಕಾಯಿಗೆ ಕೊಳೆ ರೋಗ. ಮರ ಹತ್ತೋ ಹುಡುಗರು ಕಡಿಮೆಯಾಗಿದ್ದಾರೆ, ಇರೋರಿಗೂ ಎಲ್ಲಾ ತೋಟದಿಂದ ಕರೆ. ಅಪ್ಪ ಫೋನಲ್ಲಿ ಯಾವತ್ತೂ ಬಾ ಅಂದಿಲ್ಲವಂತೆ. "ತಮಾ, ಊಟ ಆಯ್ತಾ" ಅಂತ ಕೇಳಿ ಸುಮ್ಮನಾಗ್ತಾರಂತೆ. ಆ ಸುಮ್ಮನಿರೋದನ್ನ ಕೇಳೋಕಾಗಲ್ಲ ಅಂದ ಭಟ್ಟ.

ಗೌಡ ಬಿಡಲಿಲ್ಲ. "ಎಲೆಚುಕ್ಕಿ ರೋಗ ಬಂದು ಮಲೆನಾಡಲ್ಲಿ ತೋಟಕ್ಕೆ ತೋಟವೇ ಒಣಗ್ತಿರೋ ಹೊತ್ತಲ್ಲಿ ನೀನು ಸಂಬಳ ಬಿಟ್ಟು ಹೋಗ್ತೀಯಾ? ಅದು ಶಿಲೀಂಧ್ರ, ಮಳೆಗಾಳೀಲಿ ಹರಡುತ್ತೆ, ನಿನ್ನೊಬ್ಬನ ತೋಟಕ್ಕೆ ಔಷಧಿ ಹೊಡೆದ್ರೆ ಆಯ್ತಾ?" ಅಂದ. ಗೌಡ ಕೋಪದಲ್ಲಿ ಹೇಳಿದ ಮಾತಲ್ಲ ಅದು. ಅವನಪ್ಪ ರೇಷ್ಮೆ ಸಾಕಿ, ಗೂಡಿನ ದರ ಬಿದ್ದಾಗೆಲ್ಲ ಸಾಲ ಮಾಡಿದ್ದನ್ನ ನೋಡ್ಕೊಂಡು ಬೆಳೆದವನು. ಭಟ್ಟ ತಲೆ ತಗ್ಗಿಸಿಕೊಂಡು ಕೇಳಿದ, ಆಮೇಲೆ ಉತ್ತರ ಕೊಟ್ಟ ನೋಡು, ನನಗೆ ಮೈ ಜುಮ್ ಅಂತು. ಅವನು ಎಲ್ಲಾ ಯೋಚನೆ ಮಾಡಿಟ್ಟಿದ್ದಾನೆ. ಕಾರ್ಬನ್ ಫೈಬರ್ ದೋಟಿ ಅಂತ ಉದ್ದದ ಕೋಲು ಬಂದಿದೆಯಲ್ಲ, ನೆಲದ ಮೇಲೇ ನಿಂತು 60 ಅಡಿ ಎತ್ತರದ ಅಡಿಕೆ ಗೊನೆ ಕೊಯ್ಯಬಹುದು, ಅದರಲ್ಲೇ ಔಷಧಿನೂ ಹೊಡೀಬಹುದು. ಅದನ್ನ ಸರಿಯಾಗಿ ಕಲಿತು, ಊರಿನ ಹುಡುಗರನ್ನ ಸೇರಿಸಿ ಒಂದು ತಂಡ ಕಟ್ಟೋದು, ಸುತ್ತಲಿನ ತೋಟಗಳನ್ನೆಲ್ಲ ಒಟ್ಟಿಗೆ ಹಿಡಿಯೋದು. "ಎಲ್ಲರ ತೋಟಕ್ಕೂ ಒಂದೇ ವಾರದಲ್ಲಿ ಹೊಡೆದ್ರೆ ಮಾತ್ರ ಪ್ರಯೋಜನ, ಗೌಡ ಹೇಳಿದ್ದೂ ಅದೇ ಅಲ್ವಾ" ಅಂದ. ಗೌಡ ಮಾತಾಡಲಿಲ್ಲ, ಅವನ ಹೆಗಲ ಮೇಲೆ ಕೈ ಹಾಕಿದ.

ಆಗ ಟೀಚರ್ ಒಂದು ಪ್ರಶ್ನೆ ಎತ್ತಿದಳು. ಅವಳು ಶಾಲೇಲಿ ವಿಜ್ಞಾನ ಹೇಳ್ಕೊಡೋದಲ್ವಾ. "ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತೆ. ತೋಟದ ಮೇಲೆ ಲೈನ್ ಹಾದಿದ್ರೆ?" ಭಟ್ಟನ ಮುಖ ಗಂಭೀರ ಆಯ್ತು. ಅವರ ತೋಟದ ಅಂಚಲ್ಲೇ ಲೈನಿದೆ. ಹಂಗಿರೋ ಕಡೆ ಕೆಲಸ ಶುರುವಾಗೋ ಮುಂಚೆ ಕರೆಂಟ್ ತೆಗೆಸಲೇಬೇಕು, ಅದನ್ನ ತಂಡದ ಮೊದಲ ನಿಯಮ ಮಾಡ್ತೀನಿ ಅಂದ. ನಮ್ಮ ಮುಂದೆ ನಿಂತಿದ್ದ ಹಾಸನದ ಕುಟುಂಬದ ಯಜಮಾನರು ಇದನ್ನೆಲ್ಲ ಕೇಳಿಸ್ಕೊಂಡು ತಿರುಗಿ, "ನಮ್ಮಲ್ಲಿ ಕಾಳುಮೆಣಸು ಕೊಯ್ಯೋರಿಗೂ ಇದೇ ತಾಪತ್ರಯ" ಅಂತ ಮಾತಿಗೆ ಸೇರಿದ್ರು. ಇಷ್ಟು ಹೊತ್ತಿಗೆ ನಮ್ಮ ಸರದಿ ಬಂತು.

ಇನ್ನು ನಿನ್ನ ಪಾಲಿನದು, ಮೆಕ್ಯಾನಿಕಲ್ ಎಂಜಿನಿಯರಿಗೆ. ರಿಕಾಯಿಲ್‌ನಲ್ಲಿ ಗಾಡಿಗೆ ಎಂಜಿನ್ನೇ ಇಲ್ಲ. ನಮ್ಮನ್ನ ಕೂರಿಸಿ, ಹೆಗಲ ಮೇಲೆ ಪಟ್ಟಿ ಇಳಿಸಿ, ಹಿಂದುಹಿಂದಕ್ಕೆ ಎಳ್ಕೊಂಡು ಮೇಲೆ ಒಯ್ಯುತ್ತೆ. ಮುಖ ಪೂರ್ತಿ ನೆಲಕ್ಕೆ. ಅಲ್ಲೊಂದು ಕ್ಷಣ ನಿಲ್ಲಿಸಿ ಬಿಟ್ಟುಬಿಡುತ್ತೆ. ಆಮೇಲೆ ಎಲ್ಲಾ ಎತ್ತರದ ಲೆಕ್ಕಾನೇ. ತಲೆಕೆಳಗಾಗಿ ಸುತ್ತು ಹೊಡೆದು ಆ ಕಡೆಯ ದಿಬ್ಬಕ್ಕೆ ಏರುತ್ತೆ, ಆದರೆ ಗಾಳಿ, ಘರ್ಷಣೆಯಲ್ಲಿ ಒಂದಿಷ್ಟು ಶಕ್ತಿ ಹೋಗಿರೋದ್ರಿಂದ ಮೊದಲಿನ ಎತ್ತರ ತಾನಾಗಿ ಮುಟ್ಟಲ್ಲ. ಉಳಿದಷ್ಟನ್ನ ಸರಪಳಿ ಹಿಡಿದು ಮೇಲಕ್ಕೆ ಎಳೆಯುತ್ತೆ, ಅಲ್ಲಿಂದ ಅದೇ ದಾರೀಲಿ ಹಿಮ್ಮುಖವಾಗಿ ವಾಪಸ್ಸು. ಹೋಗುವಾಗ ಕಿರುಚಿದ ಭಟ್ಟ ಬರುವಾಗ ಜೋರಾಗಿ ನಗ್ತಿದ್ದ.

ಆ ಸುತ್ತನ್ನ ಕೆಳಗೆ ನಿಂತು ಗಮನಿಸಿ ನೋಡಿದೆ, ನಿನಗೆ ಹೇಳಬೇಕು ಅಂತಾನೇ. ಅದು ಬಳೆಯಂತೆ ದುಂಡಗಿಲ್ಲ. ಕೆಳಗೆ ಅಗಲ, ಮೇಲೆ ಹೋಗ್ತಾ ಕಿರಿದು. ಪೂರ್ತಿ ದುಂಡಗಿದ್ರೆ, ತುದೀಲಿ ಬೀಳದೇ ದಾಟೋಕೆ ಬೇಕಾದಷ್ಟೇ ವೇಗದಲ್ಲಿ ಒಳಗೆ ಹೋದ್ರೂ ಕೆಳಗೆ ನಮ್ಮ ತೂಕದ 6 ಪಟ್ಟು ಒತ್ತಡ ಬೀಳುತ್ತೆ, ಲೆಕ್ಕ ಹಾಕಿ ನೋಡು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಲ್ಲಿ ದುಂಡಗೇ ಮಾಡಿದ್ರು, ಕೂತವರ ಕುತ್ತಿಗೆ ಉಳುಕ್ತಿತ್ತು. ಕೆಳಗೆ ತಿರುವು ಅಗಲ ಮಾಡಿ ಒತ್ತಡ ತಗ್ಗಿಸೋ ಈ ಆಕಾರ 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಬಂದ ಮೇಲೆ ಜನ ಇಂಥ ಸುತ್ತನ್ನ ಧೈರ್ಯವಾಗಿ ಹತ್ತೋಕೆ ಶುರು ಮಾಡಿದ್ರು. ನೀನು ಪಕ್ಕದಲ್ಲಿದ್ದಿದ್ರೆ ಟಿಕೆಟ್ ಹಿಂದೆ ಪೆನ್ನಲ್ಲಿ ಬಿಡಿಸಿ ತೋರಿಸ್ತಿದ್ದೆ ಅಂತ ಗೊತ್ತು.

ನೀರಿನ ಕಡೆ ಹೆಚ್ಚು ಬರೆಯಲ್ಲ. ಹತ್ತಿ ಬಟ್ಟೇಲಿ ಇಳಿಯೋ ಹಾಗಿಲ್ಲ, ನೈಲಾನ್ ಬೇಕು, ನೀನು ಬರುವಾಗ ತಂದ್ಕೋ. ಅಲೆ ಕೊಳದಲ್ಲಿ ಕೈ ಕೈ ಹಿಡ್ಕೊಂಡು ನಿಂತ್ವಿ. ರೇನ್ ಡಿಸ್ಕೋದಲ್ಲಿ ಟೀಚರ್ ಕುಣಿದದ್ದನ್ನ ಅವಳ ಶಾಲೆ ಮಕ್ಕಳು ನೋಡಿದ್ರೆ ಇನ್ನೂ ಹೆಚ್ಚು ಪ್ರೀತಿ ಮಾಡ್ತಿದ್ರು. ಕೊನೆಗೆ ಗೋಪುರದ ಮೇಲೆ ಕೂರಿಸಿರೋ ಸ್ಕೈ ವ್ಹೀಲ್ ಹತ್ತಿದಾಗ ಸುತ್ತಲಿನ ಬಯಲೆಲ್ಲ ಸಂಜೆ ಬಿಸಿಲಲ್ಲಿ ಹರಡಿಕೊಂಡಿತ್ತು. ಭಟ್ಟ ಪಶ್ಚಿಮದ ಕಡೆ ನೋಡ್ತಾ ಇದ್ದ.

ರಾತ್ರಿ ಚನ್ನಪಟ್ಟಣದಲ್ಲಿ ಗೌಡನ ದೊಡ್ಡಮ್ಮನ ಮನೇಲಿ ಉಳಿದ್ವಿ. ಮುದ್ದೆ, ಬಸ್ಸಾರು, ಮೇಲೆ ತುಪ್ಪ. "ಪುಣೆ ಹುಡುಗ ಯಾಕ್ ಬರಲಿಲ್ಲ? ಅಲ್ಲಿ ಮುದ್ದೆ ಮಾಡ್ಕೊಡೋರು ಯಾರವನಿಗೆ?" ಅಂತ ಕೇಳಿದ್ರು. ನೀನು ಬಂದ್ರೆ ಮೊದಲು ಅವರ ಮನೆಗೇ ಹೋಗಬೇಕು, ಮಾತು ಕೊಟ್ಟಿದ್ದೀನಿ.

ಬೆಳಿಗ್ಗೆ ಅವರ ಪಕ್ಕದ ಮನೆಯ ಗೊಂಬೆ ಮಾಡುವವರ ಹತ್ತಿರ ಕೂತಿದ್ವಿ. ಆಲೆ ಮರದ ತುಂಡು ಲೇತ್‌ನಲ್ಲಿ ತಿರುಗ್ತಾ ಇರುತ್ತೆ. ಉಳಿ ಹಿಡಿದು ಆಕಾರ ಕೊಟ್ಟ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನ ಅದಕ್ಕೆ ಒತ್ತಿ ಹಿಡೀತಾರೆ. ಬೆಂಕಿ ಇಲ್ಲ, ಏನಿಲ್ಲ. ತಿರುಗೋ ಮರಕ್ಕೆ ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತೆ. ಆಮೇಲೆ ತಾಳೆ ಗರಿ ಇಟ್ಟು ಉಜ್ಜಿದ್ರೆ ಹೊಳಪು. ಹಿಂದಿನ ದಿನ ರಿಕಾಯಿಲ್‌ನಲ್ಲಿ ವೇಗ ತಿಂದುಹಾಕಿದ ಅದೇ ಘರ್ಷಣೆ ಇಲ್ಲಿ ಬಣ್ಣ ಹಚ್ಚುತ್ತಿತ್ತು. ಭಟ್ಟ ಆ ಯಜಮಾನರನ್ನ ಬಿಡದೇ ಕೇಳಿದ: ಕಲಿಯೋಕೆ ಎಷ್ಟು ವರ್ಷ ಹಿಡೀತು, ಮಕ್ಕಳು ಮಾಡ್ತಾರಾ, ಹುಡುಗರು ಸಿಗ್ತಾರಾ? ಅವರು ಉಳಿ ಕೆಳಗಿಟ್ಟು ಪ್ರತಿಯೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ರು. ಭಟ್ಟ ತೋಟದ ಬಗ್ಗೆ ಗಟ್ಟಿ ಮನಸ್ಸು ಮಾಡಿದ್ದಾನೆ ಅಂತ ನನಗೆ ಪೂರ್ತಿ ನಂಬಿಕೆ ಬಂದದ್ದು ಅಲ್ಲಿ.

ಈಗ ನಿನ್ನ ಕೆಲಸ. ಈ ವಾರದೊಳಗೆ ಅವನಿಗೆ ಫೋನ್ ಮಾಡು. ಹೋಗು ಅಂತಾಗಲಿ ಬೇಡ ಅಂತಾಗಲಿ ಹೇಳೋಕಲ್ಲ, ದೋಟಿ ಬಗ್ಗೆ ಮಾತಾಡು. ಪುಣೆ ಹತ್ತಿರದ ಚಾಕಣದ ಕೈಗಾರಿಕಾ ಪ್ರದೇಶದಲ್ಲಿ ದಿನವೂ ಇಂಥ ಸಾಮಗ್ರಿ ನೋಡೋನು ನೀನು. ಕೈ ಹಿಡಿಯೋ ಭಾಗಕ್ಕೆ ಕರೆಂಟ್ ತಡೆಯೋ ಅಂಥದ್ದು ಏನು ಹೊದಿಸಬಹುದು, ಒಂದರೊಳಗೊಂದು ಸೇರಿಸೋ ಜಾಗದಲ್ಲಿ ಬೇಗ ಸವೆಯದ ಹಾಗೆ ಏನು ಮಾಡಬಹುದು, ಔಷಧಿ ತುಂಬಿದ ಪೈಪಿನ ಭಾರಕ್ಕೆ ತುದಿ ಎಷ್ಟು ಬಾಗುತ್ತೆ, ಇದನ್ನೆಲ್ಲ ಅವನ ಜೊತೆ ಕೂತು ಲೆಕ್ಕ ಹಾಕು. ನಮ್ಮ ಮಾತಿಗಿಂತ ನಿನ್ನ ಲೆಕ್ಕದ ಮೇಲೆ ಅವನಿಗೆ ನಂಬಿಕೆ ಜಾಸ್ತಿ, ಮೊದಲಿಂದಾನೂ ಹಂಗೇ. ಗೌಡ ತಂಡದ ಖರ್ಚಿನ ಪಟ್ಟಿ ಬರೆಯೋಕೆ ಶುರು ಮಾಡಿಬಿಟ್ಟಿದ್ದಾನೆ, ಅದನ್ನ ನಿನಗೂ ಕಳಿಸ್ತಾನೆ.

ದೀಪಾವಳಿಗೆ ರಜೆ ಹಾಕು. ಉದ್ಯಾನ್ ಎಕ್ಸ್‌ಪ್ರೆಸ್‌ಗೆ 60 ದಿನ ಮುಂಚೆ ಬುಕಿಂಗ್ ತೆರೆಯುತ್ತೆ, ಮೊದಲ ದಿನಾನೇ ಮಾಡು, ಆಮೇಲೆ ಸಿಗಲ್ಲ. ಈ ಸಲ ಐದೂ ಜನ ಸೀದಾ ಶಿರಸಿಗೆ.

ಇಂತಿ,
ನಿನ್ನ ಹಳೇ ರೂಮ್‌ಮೇಟ್