ಸಯಾಕಾ ಆ ಸೇಬು ಯಾಕೆ ತಿನ್ನಲಿಲ್ಲ?

ಪ್ರೀತಿಯ ತಂಗಿ,

ಕಥೆ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. 'ಮಾದೊಕಾ ಮಾಜಿಕಾ' ಅನ್ನುವ ಜಪಾನೀ ಅನಿಮೇಷನ್ ಸರಣಿಯ ಎಂಟನೇ ಕಂತು ನೋಡಿದ ರಾತ್ರಿ ನಿದ್ದೆ ಬರಲಿಲ್ಲ, ಅಂಥದ್ದೇ ಒಂದು ಕಥೆ ಬರೆಯಬೇಕು ಅನ್ನಿಸಿತು ಅಂದಿದ್ದೀಯ. ನನ್ನ ವಯಸ್ಸಿನವರು ಅನಿಮೆ ನೋಡುವುದಿಲ್ಲ ಅಂದುಕೊಂಡು ಅರ್ಧ ಪುಟ ಕಥಾಸಾರ ಬೇರೆ. ಅದು ಬೇಕಿರಲಿಲ್ಲ ಮಾರಾಯ್ತಿ. ನೋಡಿದ್ದೇನೆ, ನನಗೂ ನಿದ್ದೆ ಕೆಟ್ಟಿತ್ತು.

ಮೊದಲು ನಿನ್ನ ಕಥೆ. ಕೆಲಸ ಬಿಟ್ಟ ಹುಡುಗ, ಪೀಜಿಯ ರೂಮು, ಮುಚ್ಚಿದ ಕಿಟಕಿ, ರಾತ್ರಿಯೆಲ್ಲ ಹಳೆಯ ಗೆಳತಿಯ ಪ್ರೊಫೈಲ್ ನೋಡುತ್ತಾ ಕೂರುವುದು. ವಾಕ್ಯಗಳು ಚೆನ್ನಾಗಿವೆ. ಆದರೆ ಮೊದಲ ಪುಟದಲ್ಲಿ ಅವನು ಎಷ್ಟು ಹತಾಶನೋ ಕೊನೆಯ ಪುಟದಲ್ಲೂ ಅಷ್ಟೇ. ಬಿದ್ದವನನ್ನು ತೋರಿಸಿದ್ದೀಯ, ಅವನು ಬಿದ್ದದ್ದು ಹೇಗೆ ಅಂತ ತೋರಿಸಿಲ್ಲ. ಕತ್ತಲೆ, ಶೂನ್ಯ, ನೋವು ಅನ್ನುವ ಪದಗಳು ಪುಟಪುಟಕ್ಕೂ ಬರುತ್ತವೆ. ಓದುವವರಿಗೆ ಎರಡನೇ ಪುಟಕ್ಕೇ ಅಭ್ಯಾಸವಾಗಿಬಿಡುತ್ತದೆ.

ಆ ಸರಣಿ ಶುರುವಾಗಿದ್ದು 2011ರ ಜನವರಿಯಲ್ಲಿ. ಒಟ್ಟು 12 ಕಂತು. ಬರೆದವರು ಗೆನ್ ಉರೊಬುಚಿ, ನಿರ್ದೇಶಕರು ಅಕಿಯುಕಿ ಶಿನ್‌ಬೋ. ಪಾತ್ರಗಳ ರೂಪ ಉಮೆ ಆವೊಕಿ ಅವರದು. ದುಂಡು ಮುಖ, ದೊಡ್ಡ ಕಣ್ಣು, ನೋಡಿದರೆ ಚಿಕ್ಕ ಮಕ್ಕಳ ಕಾರ್ಟೂನ್ ಅನ್ನಬೇಕು. ಮೂರನೇ ಕಂತಿನ ಕೊನೆಗೆ ಆ ಭ್ರಮೆ ಹೋಗುತ್ತದೆ, ಅದು ನಿನಗೆ ಗೊತ್ತೇ ಇದೆ.

ನೀನು ಕಲಿಯಲು ಹೊರಟಿರುವುದು ಎಂಟನೇ ಕಂತಿನಿಂದ. ಆದರೆ ಎಂಟನೆಯದು ಅಷ್ಟು ಜೋರಾಗಿ ತಟ್ಟುವುದಕ್ಕೆ ನಾಲ್ಕನೆಯದು ಕಾರಣ. ಸಯಾಕಾ ಅನ್ನುವ ಶಾಲೆ ಹುಡುಗಿ ಒಳಗೊಳಗೇ ಪ್ರೀತಿಸುವ ಕ್ಯೋಸುಕೆ ಆಸ್ಪತ್ರೆಯಲ್ಲಿದ್ದಾನೆ. ಪಿಟೀಲು ನುಡಿಸುತ್ತಿದ್ದ ಹುಡುಗ. ಕೈ ಇನ್ನು ಸರಿಹೋಗುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಸಯಾಕಾ ಎಂದಿನಂತೆ ಅವನಿಗಾಗಿ ಸಂಗೀತದ ಸಿಡಿ ತಂದಿದ್ದಾಳೆ. ನನ್ನನ್ನು ಹಿಂಸೆ ಮಾಡೋಕೆ ತರ್ತೀಯಾ ಅನ್ನುವ ಅರ್ಥದಲ್ಲಿ ಕೂಗಿ ಅವನು ಸಿಡಿಯ ಮೇಲೆ ಕೈ ಅಪ್ಪಳಿಸುತ್ತಾನೆ. ರಕ್ತ ಬರುತ್ತದೆ, ನೋವು ಮಾತ್ರ ಗೊತ್ತಾಗುವುದಿಲ್ಲ. ಆ ಕೈಗೋಸ್ಕರವೇ ಅವಳು, ಹುಡುಗಿಯರಿಗೆ ವರ ಕೊಡುವ ಕ್ಯೂಬೆ ಅನ್ನುವ ವಿಚಿತ್ರ ಪ್ರಾಣಿಯ ಹತ್ತಿರ ವರ ಕೇಳುತ್ತಾಳೆ. ಬದಲಿಗೆ ಮಾಟಗಾತಿಯರ ಜೊತೆ ಕಾದಾಡುತ್ತಾ ಬದುಕಬೇಕು. ತನ್ನ ಆತ್ಮವನ್ನೇ ತೆಗೆದು ಒಂದು ಹರಳಿನೊಳಗೆ ಇಟ್ಟಿದ್ದಾರೆ, ಈ ದೇಹ ಬರೀ ಖಾಲಿ ಚಿಪ್ಪು ಅಂತ ತಿಳಿಯುವುದು ಆಮೇಲೆ.

ವರವೇನೋ ಒಳ್ಳೆಯದೇ ಅಲ್ವಾ? ನನಗೆ ಈ ಕಥೆ ಇಷ್ಟವಾಗುವುದು ಅದಕ್ಕೇ. ಸಯಾಕಾಳ ಒಳ್ಳೆಯ ಗುಣವೇ ಅವಳನ್ನು ಕೆಡವುತ್ತದೆ. ಬೇರೆಯವರಿಗಾಗಿ ಹೋರಾಡಬೇಕು, ತಿರುಗಿ ಏನೂ ಕೇಳಬಾರದು ಅನ್ನುವುದು ಅವಳ ಹಟ. ಒಳಗೆ ಒಂದಿಷ್ಟು ಆಸೆ ಇದ್ದೇ ಇರುತ್ತದೆ: ಅವನು ನನ್ನ ಕಡೆ ನೋಡಲಿ. ಅಷ್ಟನ್ನೂ ಅವಳು ತನಗೆ ತಾನೇ ಕ್ಷಮಿಸುವುದಿಲ್ಲ. ಗೆಳತಿ ಹಿತೋಮಿ ಬಂದು, ನಾನೂ ಅವನನ್ನು ಪ್ರೀತಿಸುತ್ತೇನೆ, ನಿನಗೆ ಒಂದು ದಿನ ಟೈಮ್ ಕೊಡುತ್ತೇನೆ, ಮೊದಲು ನೀನು ಹೇಳು ಅನ್ನುತ್ತಾಳೆ. ಸಯಾಕಾ ಹೇಳುವುದಿಲ್ಲ. ಈ ಹಿತೋಮಿಯನ್ನು ಅವತ್ತು ಮಾಟಗಾತಿಯಿಂದ ಕಾಪಾಡದಿದ್ದರೆ ಚೆನ್ನಾಗಿತ್ತು ಅಂತ ಒಂದು ಕ್ಷಣ ಅನ್ನಿಸಿದ್ದಕ್ಕೇ ಆಪ್ತ ಗೆಳತಿ ಮಾದೊಕಾಳ ಮುಂದೆ ಬಿಕ್ಕಿಬಿಕ್ಕಿ ಅಳುತ್ತಾಳೆ.

ಈಗ ಏಳನೇ ಕಂತಿನ ಸೇಬಿನ ದೃಶ್ಯ ಇನ್ನೊಮ್ಮೆ ನೋಡು. ಸಯಾಕಾಳಂತೆಯೇ ವರ ಪಡೆದು ಕಾದಾಡುವ ಕ್ಯೋಕೊ ಅವಳನ್ನು ಪಾಳುಬಿದ್ದ ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ಅದು ಕ್ಯೋಕೊಳ ಅಪ್ಪನ ಚರ್ಚು. ಮೊದಲು ಕೈಗೊಂದು ಸೇಬು ಕೊಡುತ್ತಾಳೆ. ಆಮೇಲೆ ತನ್ನ ಮನೆ ಹಾಳಾದ ಕಥೆ ಹೇಳುತ್ತಾಳೆ: ನಾನೂ ಅಪ್ಪನಿಗಾಗಿಯೇ ವರ ಕೇಳಿದ್ದು, ಅದರಿಂದಲೇ ಎಲ್ಲ ಕಳೆದುಕೊಂಡೆ. ಸಯಾಕಾ ಪೂರ್ತಿ ಕೇಳಿಸಿಕೊಳ್ಳುತ್ತಾಳೆ, ನಿನ್ನನ್ನು ತಪ್ಪು ತಿಳಿದಿದ್ದೆ ಅನ್ನುತ್ತಾಳೆ. ಇನ್ನೇನು ಇಬ್ಬರೂ ಗೆಳತಿಯರಾದರು ಅನ್ನುವಷ್ಟರಲ್ಲಿ ಒಂದು ಪ್ರಶ್ನೆ: ಈ ಸೇಬಿಗೆ ದುಡ್ಡು ಎಲ್ಲಿಂದ ಬಂತು? ಕ್ಯೋಕೊ ಹತ್ತಿರ ಉತ್ತರವಿಲ್ಲ. ಹಾಗಾದರೆ ನಾನಿದನ್ನು ತಿನ್ನಲಾರೆ ಅಂತ ಸಯಾಕಾ ಎದ್ದು ಹೋಗುತ್ತಾಳೆ.

ತಪ್ಪು ಹುಡುಕು ನೋಡೋಣ. ಕದ್ದ ಹಣ್ಣು ಬೇಡ ಅಂದಳು, ಅಷ್ಟೇ. ಆದರೆ ಆ ಹೊತ್ತಿನಲ್ಲಿ ಅವಳ ಪಾಡು ನಿಜವಾಗಿ ಅರ್ಥವಾಗುತ್ತಿದ್ದವಳು ಒಬ್ಬಳೇ, ಅವಳನ್ನೂ ದೂರ ಮಾಡಿಕೊಂಡಳು. ಎಂಟನೇ ಕಂತಿನಲ್ಲಿ ಮಳೆ ಸುರಿಯುವಾಗ ಬಸ್‌ಸ್ಟಾಪಿನಲ್ಲಿ ಮಾದೊಕಾಳ ಸರದಿ. ಆಮೇಲೆ ಕಪ್ಪಾಗುತ್ತಿರುವ ಹರಳನ್ನು ತಿಳಿಮಾಡುವ ಬೀಜವನ್ನು ಅಂಥದ್ದೇ ಇನ್ನೊಬ್ಬ ಹುಡುಗಿ ಹೊಮುರಾ ಕೊಡಲು ಬಂದರೆ ಅದೂ ಬೇಡ. ಪ್ರತಿಸಲವೂ ಬೇಡ ಅನ್ನಲು ಅವಳ ಹತ್ತಿರ ಒಂದು ಕಾರಣ ಇದೆ. ಕಾರಣ ಸರಿಯಾಗಿದ್ದಷ್ಟೂ ನಮಗೆ ಹೊಟ್ಟೆ ಸಂಕಟ ಜಾಸ್ತಿ.

ನಿನ್ನ ಹುಡುಗನಿಗೆ ಅಮ್ಮನ ಫೋನ್ ಬರುತ್ತದೆ, ಅವನು ಎತ್ತುವುದಿಲ್ಲ. ಯಾಕೆ? ಸುಮ್ನೆ ಬೇಜಾರು ಅಂತ ಬರೆದಿದ್ದೀಯ. ಯಾರಿಗೂ ತೊಂದರೆ ಕೊಡಬಾರದು ಅಂತಲೇ ಬೆಳೆದ ಹುಡುಗ ಅವನು ಅಂತಿಟ್ಟುಕೋ. ಪ್ರತಿ ತಿಂಗಳು ಮನೆಗೆ ದುಡ್ಡು ಕಳಿಸಿದವನು. ಈಗ ಫೋನ್ ಎತ್ತಿದರೆ ಅಮ್ಮ ಚೀಟಿ ದುಡ್ಡು ಎತ್ತಿ ಕಳಿಸಿಯೇ ಬಿಡುತ್ತಾಳೆ ಅಂತ ಅವನಿಗೆ ಗೊತ್ತು. ಈಗ ಅದೇ ಫೋನ್ ರಿಂಗಾಗಲಿ, ಅವನು ಎತ್ತದಿರಲಿ. ಆಗ ನೀನು ಶೂನ್ಯ ಅಂತ ಬರೆಯಬೇಕಾಗಿಯೇ ಇಲ್ಲ.

ಇನ್ನು ರೈಲಿನ ದೃಶ್ಯ. ನಿನ್ನ ನಿದ್ದೆ ಕೆಡಿಸಿದ್ದು ಅದೇ ಇರಬೇಕು. ಇಬ್ಬರು ಗಂಡಸರು ಒಬ್ಬ ಹೆಂಗಸಿನ ದುಡ್ಡು ಹೇಗೆ ಕಿತ್ತುಕೊಳ್ಳಬೇಕು, ಅವಳನ್ನು ಹೇಗೆ ಬಿಸಾಕಬೇಕು ಅಂತ ನಗುತ್ತಾ ಮಾತಾಡುತ್ತಾರೆ. ಸಯಾಕಾ ಎದ್ದು ಬಂದು ಕೇಳುತ್ತಾಳೆ: ಈ ಲೋಕ ಕಾಪಾಡುವುದಕ್ಕೆ ಯೋಗ್ಯವಾ? ಅಲ್ಲಿಗೆ ಕಟ್. ಮುಂದೇನಾಯಿತು ಅಂತ ತೋರಿಸುವುದೇ ಇಲ್ಲ. ನಿನ್ನ ಕೊನೆಯ ಎರಡು ಪುಟ ಪೂರ್ತಿ ಮುಂದೇನಾಯಿತು ಅನ್ನುವುದೇ. ಅವನು ತನಗೆ ಮಾಡಿಕೊಂಡ ಗಾಯವನ್ನು ಇಂಚಿಂಚಾಗಿ ಬರೆದಿದ್ದೀಯ. ಅದನ್ನು ತೆಗೆ. ಅದನ್ನು ಓದುವವರಲ್ಲಿ ಅದೇ ಸ್ಥಿತಿಯಲ್ಲಿರುವ ಹುಡುಗನೂ ಒಬ್ಬ ಇರಬಹುದು.

ಕೊನೆಗೆ ಆ ಸ್ಟೇಷನ್ನಿನ ಬೆಂಚು. ನನಗೆ ಅಲ್ಲೊಂದು ತಕರಾರಿದೆ. ಭರವಸೆ, ಹತಾಶೆ ಎರಡನ್ನೂ ಕೂಡಿದರೆ ಸೊನ್ನೆ ಅನ್ನುವ ಲೆಕ್ಕವನ್ನು ಸಯಾಕಾ ಬಾಯಲ್ಲೇ ಹೇಳಿಸುತ್ತಾರೆ. ಅಷ್ಟು ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ದೃಶ್ಯ ಉಳಿಯುತ್ತದೆ. ಪಕ್ಕದಲ್ಲಿ ಕ್ಯೋಕೊ ಕೂತಿದ್ದಾಳಲ್ಲ, ಅದಕ್ಕೆ. ಐದನೇ ಕಂತಿನಲ್ಲಿ ಇವಳನ್ನು ಕೊಲ್ಲಲು ಬಂದವಳೇ ಈಗ ಊರೆಲ್ಲ ಹುಡುಕಿಕೊಂಡು ಬಂದಿದ್ದಾಳೆ.

ನಿನ್ನ ಎರಡನೇ ಪುಟದಲ್ಲಿ ಬಕೆಟ್ಟಿಗಾಗಿ ಜಗಳ ಆಡುವ ರೂಮ್‌ಮೇಟ್ ಒಬ್ಬನಿದ್ದಾನೆ. ಆಮೇಲೆ ಅವನ ಸುಳಿವೇ ಇಲ್ಲ. ಕಥೆಯಲ್ಲಿ ನಿಜವಾಗಿ ಜೀವ ಇರುವುದು ಅವನೊಬ್ಬನಿಗೇ. ಅವನನ್ನು ವಾಪಸ್ ಕರೆಸಿ ಕೊನೆಯ ದೃಶ್ಯದಲ್ಲಿ ಆ ಹುಡುಗನ ಮಂಚದ ಮೇಲೆ ಕೂರಿಸು. ಏನು ಮಾತಾಡುತ್ತಾನೆ ಅಂತ ನನಗೂ ಗೊತ್ತಿಲ್ಲ, ಬರೆದು ನೋಡು. ಇದನ್ನೆಲ್ಲ ಹಗಲು ಹೊತ್ತು ಬರಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಹೊಸ ಕರಡನ್ನು ದೀಪಾವಳಿಯೊಳಗೆ ಕಳಿಸು. ಈ ಸಲ ಕಥಾಸಾರ ಬೇಡ.

ಇಂತಿ,
ನಿನ್ನ ಸರ್